ಅರವತ್ತು ವರ್ಷದ ಸ್ಟೀಲ್ ಸ್ಕೂಬಾ ಟ್ಯಾಂಕಿಗೆ ಹೊಸ ವಾಲ್ವ್: ನನ್ನ ಅನುಭವ

ಟ್ಯಾಂಕ್ ಹೈಡ್ರೋ (ನೀರು ತುಂಬಿ ಮಾಡುವ ಒತ್ತಡದ ಪರೀಕ್ಷೆ) ಪಾಸಾಗಿದೆ. ಕ್ಯಾಲಿಫೋರ್ನಿಯಾದ ಮಾಂಟೆರೆಯ ಬ್ರೇಕ್‌ವಾಟರ್‌ನಲ್ಲಿ ಈಗ ಅದನ್ನೇ ಬೆನ್ನಿಗೆ ಕಟ್ಟಿಕೊಂಡು ಇಳಿಯುತ್ತಿದ್ದೇನೆ. "ಆಗದ ಕೆಲಸ, ಗುಜರಿಗೆ ಹಾಕು ಮಾರಾಯ" ಎಂದಿದ್ದ ಗೆಳೆಯರೇ ಈಗ ಆ ಕಚ್ಚಿಕೊಂಡಿದ್ದ ವಾಲ್ವ್ ಹೇಗೆ ಬಿಚ್ಚಿದೆ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ಟ್ಯಾಂಕ್ ಸ್ಟೀಲ್ 72, ಅಂದರೆ ಹೆಸರಿಗೆ 72 ಘನ ಅಡಿ ಗಾಳಿ ಹಿಡಿಯುವಂಥದ್ದು. ಹೆಗಲ ಮೇಲೆ ಐಸಿಸಿ-3ಎಎ 2250 ಎಂದಿದೆ (2250 ಎಂದರೆ ತುಂಬಬಹುದಾದ ಒತ್ತಡ, ಪಿಎಸ್‌ಐ ಅಂದರೆ ಚದರ ಇಂಚಿಗೆ ಪೌಂಡ್ ಲೆಕ್ಕದಲ್ಲಿ), ಮೊದಲ ಹೈಡ್ರೋ 1966ರದ್ದು. ಸ್ಯಾನ್ ಹೋಸೆಯ ಒಂದು ಗ್ಯಾರೇಜ್ ಸೇಲ್‌ನಲ್ಲಿ ಇಪ್ಪತ್ತು ಡಾಲರಿಗೆ ಸಿಕ್ಕಿತು. ಹೊರಗಿನ ಗ್ಯಾಲ್ವನೈಸಿಂಗ್ ಚೆನ್ನಾಗಿತ್ತು. ರಬ್ಬರ್ ಬೂಟ್ ಕಿತ್ತು ನೋಡಿದೆ, ತಳವೂ ಗಟ್ಟಿಯಿತ್ತು. ತೊಂದರೆ ಇದ್ದದ್ದು ಕತ್ತಿನಲ್ಲಿ. ಹಳೇ ಜೆ-ವಾಲ್ವ್ (ಕೊನೆಯ ಸ್ವಲ್ಪ ಗಾಳಿಯನ್ನು ರಿಸರ್ವ್ ಆಗಿ ತಡೆದಿಡುವ ಮಾದರಿ) ಉಪ್ಪುನೀರು ಕುಡಿದು ಸ್ಟೀಲಿಗೆ ಕಚ್ಚಿಕೊಂಡುಬಿಟ್ಟಿತ್ತು. ಎರಡು ಡೈವ್ ಶಾಪ್‌ಗೆ ಒಯ್ದೆ. ಒಂದರಲ್ಲಿ ಮುಟ್ಟಲೇ ಇಲ್ಲ. ಇನ್ನೊಂದರಲ್ಲಿ ಚೈನ್ ವೈಸ್‌ಗೆ ಹಾಕುತ್ತೇವೆ, ಗೀರು ಬಿದ್ದರೆ ನಮ್ಮ ಜವಾಬ್ದಾರಿ ಅಲ್ಲ ಎಂದರು. ಆಳವಾದ ಗೀರು ಬಿದ್ದರೆ ಟ್ಯಾಂಕ್ ಇನ್‌ಸ್ಪೆಕ್ಷನ್‌ನಲ್ಲೇ ಫೇಲ್, ಹಾಗಾಗಿ ಮನೆಗೆ ವಾಪಸ್ ತಂದೆ.

ಇಷ್ಟು ಕಷ್ಟ ಯಾಕೆ, ಅಲ್ಯೂಮಿನಿಯಂ 80 ಸಾಲದೇ ಎನ್ನುವವರಿಗೆ ಒಂದು ಮಾತು. ನೇತ್ರಾಣಿಯ ಬೆಚ್ಚಗಿನ ನೀರಿನಲ್ಲಿ ತೆಳು ಸೂಟ್ ಹಾಕಿ ಇಳಿಯುವವರಿಗೆ 80 ಧಾರಾಳ ಸಾಕು. ಇಲ್ಲಿಯ ತಣ್ಣೀರಿಗೆ ದಪ್ಪ ಸೂಟ್ ಬೇಕೇ ಬೇಕು. 80 ಖಾಲಿಯಾದಾಗ ಹತ್ತಿರಹತ್ತಿರ ನಾಲ್ಕು ಪೌಂಡ್ ತೇಲುತ್ತದೆ, ಅದನ್ನು ಸರಿದೂಗಿಸಲು ಸೀಸ ಹೊರಬೇಕು. 72ಕ್ಕೆ ಬಂದ ಮೇಲೆ ನನ್ನ ಬೆಲ್ಟಿನಿಂದ ಎರಡು ಮೂರು ಪೌಂಡ್ ಇಳಿಯಿತು. ಹಳೇ 6351 ಮಿಶ್ರಲೋಹದ ಅಲ್ಯೂಮಿನಿಯಂ ಟ್ಯಾಂಕಿಗೆ ಕತ್ತಿನಲ್ಲಿ ಬಿರುಕು ಬಿಡುವ ಕಾಯಿಲೆಯಿದೆ, ಸ್ಟೀಲಿಗೆ ಅದಿಲ್ಲ. ಒಳಗೆ ನೀರು ಹೋಗದಂತೆ ನೋಡಿಕೊಂಡರೆ ನಮ್ಮ ಮಕ್ಕಳೂ ಇದರಲ್ಲಿ ಡೈವ್ ಮಾಡಬಹುದು.

ಕೆಲಸಕ್ಕೆ ಕೈಹಾಕುವ ಮುಂಚೆ ಟ್ಯಾಂಕ್ ನಿಜವಾಗಿ ಖಾಲಿಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಜೆ-ವಾಲ್ವ್‌ನಲ್ಲಿ ಇದೇ ಅಪಾಯದ ಜಾಗ. ರಿಸರ್ವ್ ಲಿವರ್ ಮೇಲಿದ್ದರೆ ಒಳಗಿನ ಸ್ಪ್ರಿಂಗ್ ಮುನ್ನೂರು ಪಿಎಸ್‌ಐ ಆಸುಪಾಸಿನ ಗಾಳಿಯನ್ನು ಹಿಡಿದಿಟ್ಟಿರುತ್ತದೆ. ನಾಬ್ ತಿರುಗಿಸಿದಾಗ ಸದ್ದು ಬರಲಿಲ್ಲ, ಖಾಲಿ ಎಂದುಕೊಂಡರೆ ವಾಲ್ವ್ ಮುಖಕ್ಕೇ ಹಾರುತ್ತದೆ. ಲಿವರ್ ಕೆಳಗೆಳೆದು, ನಾಬ್ ತಿರುಗಿಸಿ ವಾಲ್ವ್ ಪೂರ್ತಿ ತೆರೆದು ರಾತ್ರಿಯಿಡೀ ಬಿಟ್ಟೆ. ಅದೂ ಸಾಲದು, ಯಾಕೆಂದರೆ ವಾಲ್ವ್‌ನಿಂದ ಟ್ಯಾಂಕಿನೊಳಕ್ಕೆ ಇಳಿಯುವ ಡಿಪ್ ಟ್ಯೂಬ್ ತುಕ್ಕಿನಿಂದ ಕಟ್ಟಿಕೊಂಡಿದ್ದರೂ ಗಾಳಿ ಹೊರಗೆ ಬರುವುದಿಲ್ಲ. ಸಣ್ಣ ಕಂಪ್ರೆಸರಿನಿಂದ ಇಪ್ಪತ್ತು ಪಿಎಸ್‌ಐಯಷ್ಟು ಗಾಳಿ ಒಳಗೆ ಬಿಟ್ಟು, ಪೈಪ್ ತೆಗೆದು ಅಂಗೈ ಅಡ್ಡ ಹಿಡಿದೆ. ಹೋದ ಗಾಳಿ ಬುಸ್ಸೆಂದು ವಾಪಸ್ ಬಂತು. ದಾರಿ ತೆರೆದಿದೆ, ಒಳಗೆ ಏನೂ ಉಳಿದಿಲ್ಲ. ಇದಾದ ಮೇಲೆಯೇ ಸ್ಪ್ಯಾನರ್ ಮುಟ್ಟಿದ್ದು.

ಟ್ಯಾಂಕ್ ಹಿಡಿಯಲು ದಪ್ಪ ಮರದ ತುಂಡುಗಳಲ್ಲಿ ಅರ್ಧ ವೃತ್ತ ಕೊರೆದು, ಒಳಗೆ ಸೈಕಲ್ ಟ್ಯೂಬ್ ಅಂಟಿಸಿ, ಬೋಲ್ಟ್ ಹಾಕಿ ಬೆಂಚಿಗೆ ಬಿಗಿದೆ. ಬರೀ ರಬ್ಬರ್ ಇದ್ದರೆ ಬಲ ಹಾಕಿದಾಗ ಟ್ಯಾಂಕೇ ತಿರುಗುತ್ತದೆ. ರಬ್ಬರ್ ಮತ್ತು ಸ್ಟೀಲ್ ನಡುವೆ ನಾನು ಉದುರಿಸಿದ ಪುಡಿ ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಬಹಳ ಸಮಯ ಹಿಡಿದಿದೆ.

ಎಲ್ಲರೂ ಕೊಟ್ಟ ಸಲಹೆ ಒಂದೇ: ಬಿಸಿ ಮಾಡು. ಕುದಿಯುವ ನೀರು ಸುರಿದು ಸ್ಪ್ಯಾನರಿಗೆ ಮೂರಡಿ ಪೈಪ್ ಹಾಕಿ ಎಳೆದೆ. ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಹೀಟ್ ಗನ್‌ನಲ್ಲೂ ಅಷ್ಟೇ. ಗ್ಯಾಸ್ ಟಾರ್ಚ್ ಹಿಡಿ ಎಂದವರೂ ಇದ್ದರು. ಹೀಟ್ ಟ್ರೀಟ್ಮೆಂಟ್ ಆದ ಸ್ಟೀಲ್ ಟ್ಯಾಂಕಿಗೆ ಬೆಂಕಿ ತೋರಿಸಿದರೆ ಅದರ ಕಥೆ ಮುಗಿಯಿತು, ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ತುಕ್ಕು ಬಿಡಿಸುವ ಎಣ್ಣೆಯೂ ಬೇಡ. ನಾವು ಉಸಿರಾಡುವ ಗಾಳಿ ಅದೇ ಕತ್ತಿನ ಮೂಲಕ ಬರಬೇಕು.

ಆಮೇಲೆ ಕೂತು ಯೋಚಿಸಿದೆ. ವಾಲ್ವ್ ಹಿತ್ತಾಳೆಯದು, ಕತ್ತು ಸ್ಟೀಲಿನದು. ಬಿಸಿ ತಾಗಿದರೆ ಸ್ಟೀಲಿಗಿಂತ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಅಂದರೆ ಎರಡೂ ಒಟ್ಟಿಗೆ ಕಾದರೆ ವಾಲ್ವ್ ಇನ್ನಷ್ಟು ಬಿಗಿಯುತ್ತದೆ. ತಣ್ಣಗಾದರೆ ಹಿತ್ತಾಳೆಯೇ ಹೆಚ್ಚು ಕುಗ್ಗುತ್ತದೆ. ಹಾಗಾದರೆ ಬೇಕಾದದ್ದು ಚಳಿ. ಸೂಪರ್‌ಮಾರ್ಕೆಟಿನಿಂದ ಹತ್ತು ಡಾಲರಿನಷ್ಟು ಡ್ರೈ ಐಸ್ ತಂದು, ಪುಡಿ ಮಾಡಿ, ಬಟ್ಟೆಯಲ್ಲಿ ಕಟ್ಟಿ ವಾಲ್ವ್‌ಗೆ ಮಾತ್ರ ಸುತ್ತಿದೆ. ಗ್ಯಾರೇಜ್ ಬಾಗಿಲು ತೆರೆದೇ ಇತ್ತು, ಕೈಗೆ ದಪ್ಪ ಗ್ಲೌಸ್ ಇತ್ತು. ಇಪ್ಪತ್ತಾರು ಮಿಲಿಮೀಟರ್ ಥ್ರೆಡ್‌ನಲ್ಲಿ ಸಿಗುವ ವ್ಯತ್ಯಾಸ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. "ಅಷ್ಟರಿಂದ ಏನಾಗುತ್ತೆ" ಎಂದು ಗೆಳೆಯರು ಫೋನಿನಲ್ಲಿ ನಕ್ಕರು. ಮೊದಲ ಸುತ್ತಿನಲ್ಲಿ ಏನೂ ಆಗಲಿಲ್ಲ ನಿಜ. ತಣ್ಣಗೆ ಮಾಡಿ, ಮಾಮೂಲು ಬಿಸಿಗೆ ಬರಲು ಬಿಟ್ಟು, ಮತ್ತೆ ತಣ್ಣಗೆ ಮಾಡಿ, ಹೀಗೆ ಬೆಳಗಿನಿಂದ ಮಾಡುತ್ತಲೇ ಇದ್ದೆ. ಸುತ್ತಿಗೆಯ ಏಟು ಒಂದೂ ಇಲ್ಲ, ಅಷ್ಟು ಚಳಿಯಲ್ಲಿ ಸ್ಟೀಲಿಗೆ ಪೆಟ್ಟು ಕೊಡಬಾರದು. ಬರೀ ಎಳೆತ. ಮಧ್ಯಾಹ್ನದ ಹೊತ್ತಿಗೆ ಟಕ್ ಎಂದಿತು. ಕಾಲು ಸುತ್ತು ಬಂತು, ಕತ್ತಿನ ಸುತ್ತ ಹಸಿರು ಬಿಳಿ ಪುಡಿ ಉದುರಿತು. ಹೊರಗೆ ಬಂದ ರಬ್ಬರ್ ಓ-ರಿಂಗ್ ಉಗುರಿನಲ್ಲಿ ಒತ್ತಿದರೆ ಪುಡಿಯಾಗುವಷ್ಟು ಒಣಗಿತ್ತು.

ಕತ್ತು 3/4-14 ಎನ್‌ಪಿಎಸ್‌ಎಂ (ಮುಕ್ಕಾಲು ಇಂಚು ಅಳತೆಯ ನೇರ ಥ್ರೆಡ್), ಥ್ರೆಡ್ ಒಂದೂ ಹೋಗಿರಲಿಲ್ಲ. ಥ್ರೆಡ್ ಕೊರೆಯುವ ಟ್ಯಾಪ್ ಹಾಕಲಿಲ್ಲ, ನೈಲಾನ್ ಬ್ರಷ್ಷಿನಲ್ಲೇ ಸ್ವಚ್ಛ ಮಾಡಿದೆ. ಒಳಗೆ ಎಲ್‌ಇಡಿ ಇಳಿಬಿಟ್ಟು ನೋಡಿದರೆ ಮೇಲ್ಮೇಲಿನ ಕೆಂಪು ತುಕ್ಕು, ಗುಳಿ ಇಲ್ಲ. ಹಳೇ ಟ್ರೆಡ್‌ಮಿಲ್ ಮೋಟರಿನಲ್ಲಿ ರೋಲರ್ ಮಾಡಿ, ಒಳಗಿನ ತುಕ್ಕು ಉಜ್ಜಿ ಹೋಗಲೆಂದು ಟ್ಯಾಂಕಿಗೆ ಸೆರಾಮಿಕ್ ಚಿಪ್ಸ್ ತುಂಬಿ ಉರುಳಿಸಿದೆ. ಈ ನಡುವೆ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಇಂಡಿಯನ್ ಅಂಗಡಿಯ ನಿಂಬೆ ಉಪ್ಪು ಕರಗಿಸಿ, ಗುಜರಿ ಕಬ್ಬಿಣದ ಪೈಪೊಂದನ್ನು ಅದರಲ್ಲಿ ನೆನೆಸಿಟ್ಟೆ. ತುಕ್ಕೆಲ್ಲ ಹೋಗಿ ಬೂದು ಬಣ್ಣ ಬಂತು, ಆದರೆ ತೊಳೆದು ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಕೆಂಪು. ಟ್ಯಾಂಕಿಗೆ ಅದು ಬೇಡವೆಂದು ಬಿಟ್ಟೆ. ತೊಳೆದ ತಕ್ಷಣ ಒಣಗಿಸುವುದೇ ಇದರಲ್ಲಿ ಮುಖ್ಯ. ನಾನು ಒಣಗಿಸುವ ವಿಧಾನವನ್ನು ಇನ್ನೊಮ್ಮೆ ಯಾವಾಗಲಾದರೂ ಹೇಳುತ್ತೇನೆ.

ರಿಸರ್ವ್ ಇಲ್ಲದ ಹೊಸ ಕೆ-ವಾಲ್ವ್‌ಗೆ ಅರವತ್ತೈದು ಡಾಲರ್ ಕೊಟ್ಟ ನೆನಪು. ಇದೇ ವಾಲ್ವ್ ಅಲ್ಯೂಮಿನಿಯಂ 80ಕ್ಕೂ ಕೂರುತ್ತದೆ, ಹಾಗಾಗಿ ಅಂಗಡಿಯಿಂದ ಬರುವಾಗ ಅದರಲ್ಲಿ 3000 ಪಿಎಸ್‌ಐ ಟ್ಯಾಂಕಿನ ಬರ್ಸ್ಟ್ ಡಿಸ್ಕ್ (ಒತ್ತಡ ಮಿತಿಮೀರಿದರೆ ತಾನೇ ಒಡೆದು ಗಾಳಿ ಹೊರಬಿಡುವ ಬಿಲ್ಲೆ) ಇರುತ್ತದೆ. 80ರ ಟೆಸ್ಟ್ ಒತ್ತಡ 5000, ನಮ್ಮ 72ರದ್ದು 3750. ಆ ಡಿಸ್ಕನ್ನು ಹಾಗೇ ಬಿಟ್ಟರೆ ಟ್ಯಾಂಕಿನ ಮಿತಿ ದಾಟಿದರೂ ಡಿಸ್ಕ್ ಒಡೆಯುವುದಿಲ್ಲ. ಹದಿನೈದು ಡಾಲರಿಗೆ 2250ರ ಟ್ಯಾಂಕಿನದೇ ಡಿಸ್ಕ್ ತರಿಸಿ ಬದಲಿಸಿದೆ. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಇನ್ನೊಂದು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ವಾಲ್ವ್‌ಗಳಲ್ಲಿ ಎಷ್ಟೋ ಎಂ25×2 ಥ್ರೆಡ್‌ನವು, ಯುರೋಪಿನ ಟ್ಯಾಂಕಿಗೆ ಮಾಡಿದವು. ಅವು 3/4ರ ಕತ್ತಿಗೂ ಹೋಗುತ್ತವೆ. ಸ್ವಲ್ಪ ಲೂಸ್ ಅನ್ನಿಸುತ್ತದೆ, ಕೊನೆಗೆ ಬಿಗಿಯಾದಂತೆಯೂ ಕಾಣುತ್ತದೆ. ಗಾಳಿ ತುಂಬುವಾಗ ಗುಂಡಿನ ಹಾಗೆ ಹಾರುತ್ತವೆ. ಗೆಳೆಯರೊಬ್ಬರು ತರಿಸಿದ್ದ ವಾಲ್ವ್‌ಗೆ ಕ್ಯಾಲಿಪರ್ ಹಿಡಿದೆ, 25 ಮಿಲಿಮೀಟರಿಗೂ ಕೂದಲೆಳೆ ಕಡಿಮೆ. 3/4ರದ್ದು 26 ದಾಟಬೇಕು. ಅಲ್ಲೇ ಪ್ಯಾಕ್ ಮಾಡಿಸಿ ವಾಪಸ್ ಕಳಿಸಿದೆ.

214 ಸೈಜಿನ ಓ-ರಿಂಗಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್, ಟೆಫ್ಲಾನ್ ಟೇಪ್ ಬೇಡವೇ ಬೇಡ. ಗಾಳಿ ತಡೆಯುವುದು ಓ-ರಿಂಗೇ ಹೊರತು ನಮ್ಮ ತೋಳಿನ ಬಲವಲ್ಲ.

ಹೈಡ್ರೋಗೆ ಐವತ್ತರ ಹತ್ತಿರ, ವಿಷುವಲ್‌ಗೆ (ಕಣ್ಣಿನಿಂದ ನೋಡಿ ಮಾಡುವ ತಪಾಸಣೆ) ಇಪ್ಪತ್ತು ಡಾಲರ್. ಪ್ಲಸ್ ಮಾರ್ಕ್ ಬೇಕೆಂದು ಟೆಸ್ಟ್‌ಗೆ ಮೊದಲೇ ಹೇಳಬೇಕು, ಎಲ್ಲ ಕಡೆಯೂ ತಾವಾಗಿಯೇ ಹಾಕುವುದಿಲ್ಲ. ಪ್ಲಸ್ ಇದ್ದರೆ 2475ರವರೆಗೆ ತುಂಬಬಹುದು, ಟ್ಯಾಂಕಿನ 71.2 ಘನ ಅಡಿ ಪೂರ್ತಿ ಸಿಗುತ್ತದೆ. ಇಲ್ಲದಿದ್ದರೆ 65ರ ಆಸುಪಾಸು. ನನ್ನದಕ್ಕೆ ಪ್ಲಸ್ ಸಿಕ್ಕಿತು. ಟ್ಯಾಂಕ್, ಡ್ರೈ ಐಸ್, ಚಿಪ್ಸ್ ಎಲ್ಲ ಸೇರಿ ಇನ್ನೂರು ಡಾಲರಿನೊಳಗೆ ಮುಗಿಯಿತು. ಹೊಸ ಸ್ಟೀಲ್ ಟ್ಯಾಂಕ್ ಅದರ ಎರಡರಷ್ಟಕ್ಕೂ ಬರುವುದಿಲ್ಲ.

ಈಗ ಬೆಂಚ್ ಮೇಲೆ ಇನ್ನೊಂದು 72 ಕೂತಿದೆ, ಇದಕ್ಕಿಂತ ಹಳೆಯದು. ಅದರ ಕತ್ತು 1/2 ಇಂಚಿನ ಎನ್‌ಪಿಟಿ, ಒಳಹೋದಂತೆ ಕಿರಿದಾಗುವ ಟೇಪರ್ ಥ್ರೆಡ್, ಓ-ರಿಂಗೇ ಇಲ್ಲ. ಅದಕ್ಕೆ ಹೊಂದುವ ಹೊಸ ವಾಲ್ವ್ ಸಿಗುವುದೇ ಕಷ್ಟ, ಹಾಗಾಗಿ ಇರುವುದನ್ನೇ ಬಿಚ್ಚಿ ರಿಪೇರಿ ಮಾಡಬೇಕು. ಡ್ರೈ ಐಸ್ ತಂದಾಗಿದೆ.