ಬಣ್ಣದ ನೀರಿಗೆ ಮೊದಲೇ ಗಾಳಿ ಕೊಡಬೇಡಿ: ನನ್ನ ಅನುಭವ

ಬನಹಟ್ಟಿಯಲ್ಲಿ ನಮ್ಮದು ನೂಲಿಗೆ ಬಣ್ಣ ಹಾಕುವ ಸಣ್ಣ ಘಟಕ. ದಿನಕ್ಕೆ ಸುಮಾರು 15 ಸಾವಿರ ಲೀಟರ್ ಬಣ್ಣದ ನೀರು ಹೊರಗೆ ಬರುತ್ತದೆ. ಬ್ಯಾಕ್ಟೀರಿಯಾ ಬಿಟ್ಟು ಬಣ್ಣ ತೆಗೆಯುತ್ತೇನೆ ಅಂದಾಗ ಇಲ್ಲಿನ ಡೈಯಿಂಗ್‌ನವರು ಯಾರೂ ನಂಬಲಿಲ್ಲ. "ಸಗಣಿ ನೀರಿಗೆ ರಿಯಾಕ್ಟಿವ್ ಕಪ್ಪು ಹೋಗ್ತದೇನ್ರೀ?" ಅಂದರು. ರಿಯಾಕ್ಟಿವ್ ಅಂದರೆ ನೂಲಿಗೆ ಗಟ್ಟಿಯಾಗಿ ಬೆಸೆದುಕೊಳ್ಳುವ ಬಣ್ಣ. ಹೋಗುತ್ತದೆ. ಎರಡು ವರ್ಷದ ಮೇಲಾಯಿತು, ಹೋಗುತ್ತಲೇ ಇದೆ.

ಮೊದಲು ಸುಣ್ಣ, ಫೆರಸ್ ಸಲ್ಫೇಟ್ ಹಾಕುತ್ತಿದ್ದೆವು. ತಿಂಗಳಿಗೆ 40 ಸಾವಿರದ ಆಸುಪಾಸು ಖರ್ಚು. ಅದರ ಕೆಸರು ಒಣಗಿಸಿ, ಚೀಲ ತುಂಬಿ, ಲಾರಿಗೆ ಹಾಕಿ ಕಳಿಸುವುದು ಬೇರೆ. ಆಮೇಲೆ ಒಬ್ಬ ಏಜೆಂಟ್ ಬ್ಯಾಕ್ಟೀರಿಯಾ ಪುಡಿ ತಂದುಕೊಟ್ಟ. ತೊಟ್ಟಿ, ಬ್ಲೋವರ್, ಪುಡಿ ಎಲ್ಲ ಸೇರಿ 3 ಲಕ್ಷ ದಾಟಿತು. ಹಗಲು ರಾತ್ರಿ ಗಾಳಿ ಹೊಡೆದೆವು. ಸಿಒಡಿ (ನೀರಿನ ಕೊಳೆ ಅಳೆಯುವ ಲೆಕ್ಕ, ಲೀಟರಿಗೆ ಮಿಲಿಗ್ರಾಂನಲ್ಲಿ) ಇಳಿಯಿತು, ಬಣ್ಣ ಮಾತ್ರ ಅಲ್ಲಾಡಲಿಲ್ಲ. ಇನ್ನಷ್ಟು ಪುಡಿ ಹಾಕಿ ಅಂದ. ಪುಡಿ ಎಷ್ಟು ಹಾಕಿದರೂ ಅಷ್ಟೇ. ನೀರಲ್ಲಿ ಆಮ್ಲಜನಕ ಇರುವವರೆಗೆ ಬ್ಯಾಕ್ಟೀರಿಯಾ ಅಜೋ ಬಣ್ಣವನ್ನು (ಸಾರಜನಕದ ಜೋಡಿ ಕೊಂಡಿ ಇರುವ ಬಣ್ಣ, ರಿಯಾಕ್ಟಿವ್ ಕಪ್ಪು ಇದೇ ಜಾತಿ) ಸಾಮಾನ್ಯವಾಗಿ ಮುರಿಯುವುದಿಲ್ಲ.

ಹಾಗಾಗಿ ಮೊದಲ ತೊಟ್ಟಿಯನ್ನು ಗಾಳಿ ಹೋಗದಂತೆ ಮೇಲಿಂದ ಮುಚ್ಚಿಬಿಟ್ಟೆ. ಒಳಗೆ ಒಡೆದ ಇಟ್ಟಿಗೆ ತುಂಬಿದೆ, ಬ್ಯಾಕ್ಟೀರಿಯಾ ಅಂಟಿಕೊಳ್ಳಲಿ ಅಂತ. ಬೀಜಕ್ಕೆ, ಅಂದರೆ ಬ್ಯಾಕ್ಟೀರಿಯಾ ಬೆಳೆಯಲು ಮೊದಲು ಹಾಕುವುದಕ್ಕೆ, ಪುಡಿ ತರಲಿಲ್ಲ. ವರ್ಷಗಟ್ಟಲೆ ಬಣ್ಣದ ನೀರು ಹರಿದ ನಮ್ಮದೇ ಹಳೇ ಕಾಲುವೆಯ ತಳದ ರಾಡಿ, ಜೊತೆಗೆ ಸಗಣಿ ಬಗ್ಗಡ. ಉಪ್ಪು, ಬಣ್ಣ ಎರಡನ್ನೂ ಕಂಡ ಜೀವ ಅದು. ಆಹಾರಕ್ಕೆ ಮಹಾಲಿಂಗಪುರದಿಂದ ಕೆಟ್ಟ ಬೆಲ್ಲ, ಸಿಕ್ಕಾಗ ಕಾಕಂಬಿ. ಬೆಲ್ಲದ ಜೊತೆ ಇನ್ನೊಂದು ಸೇರಿಸುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಪಿಎಚ್ 10ರ ಮೇಲೆ ಬರುವ ನೀರನ್ನು ಆಸಿಡ್ ಹಾಕಿ ಏಳೂವರೆಗೆ ಇಳಿಸಿಯೇ ಒಳಗೆ ಬಿಡಬೇಕು. ಬ್ಲೀಚಿಂಗ್‌ನ ಪೆರಾಕ್ಸೈಡ್ ನೀರು ಆಮ್ಲಜನಕ ಬಿಡುತ್ತದೆ, ಅದು ಈ ತೊಟ್ಟಿಯ ಹತ್ತಿರವೂ ಸುಳಿಯಬಾರದು.

ಒಂದೂವರೆ, ಎರಡು ದಿನದಲ್ಲಿ ಕಪ್ಪು, ಕೆಂಪು ಎಲ್ಲ ತಿಳಿ ಹಳದಿಗೆ ಬರುತ್ತದೆ. ಚಳಿಗಾಲದಲ್ಲಿ ಇನ್ನೊಂದು ದಿನ ಜಾಸ್ತಿ. ಬಣ್ಣ ಹೋಯ್ತಲ್ಲ ಅಂತ ಅಲ್ಲಿಗೇ ನಿಲ್ಲಿಸಿದರೆ ದೊಡ್ಡ ಅನ್ಯಾಯ. ಮುರಿದ ಬಣ್ಣದಿಂದ ಅಮೀನ್ ಅನ್ನುವ ರಾಸಾಯನಿಕಗಳು ಬರುತ್ತವೆ, ಅವುಗಳಲ್ಲಿ ಕೆಲವು ವಿಷ. ಹಾಗೇ ಬಯಲಿಗೆ ಬಿಟ್ಟರೆ ಗಾಳಿ ತಾಗಿ ನೀರು ಮತ್ತೆ ಕಂದಾಗುತ್ತದೆ. ಬ್ಲೋವರ್ ಬೇಕಾಗುವುದು ಈಗ, ಎರಡನೇ ತೊಟ್ಟಿಯಲ್ಲಿ, ಇಡೀ ಒಂದು ದಿನ. ನಮ್ಮ ಸಿಒಡಿ ಸಾವಿರದ ಮೇಲಿದ್ದದ್ದು ಈಗ 200ರ ಸುತ್ತ ಇರುತ್ತದೆ. ಹೊರಗೆ ಬಿಡಲು ಸರ್ಕಾರದ ಮಿತಿ 250. ಹಾಗಾಗಿ ಯಾರು ಬೇಕಾದರೂ ಬಂದು ಸ್ಯಾಂಪಲ್ ತಗೊಳ್ಳಲಿ ಅನ್ನುತ್ತೇನೆ.

ಮೊದಲ ತೊಟ್ಟಿಯಿಂದ ಕೊಳೆತ ಮೊಟ್ಟೆ ವಾಸನೆ ವಿಪರೀತ ಇತ್ತು. ಡೈಯಿಂಗ್‌ಗೆ ಗ್ಲೌಬರ್ ಉಪ್ಪು (ಸೋಡಿಯಂ ಸಲ್ಫೇಟ್) ಬಿಟ್ಟು ಸಾದಾ ಉಪ್ಪು ಹಾಕಿ ನೋಡಿದೆ. ವಾರಗಳಲ್ಲಿ ಕಡಿಮೆ ಆಯಿತು. ಗ್ಲೌಬರ್‌ನ ಸಲ್ಫೇಟೇ ಹೈಡ್ರೋಜನ್ ಸಲ್ಫೈಡ್ ಗ್ಯಾಸ್ ಆಗಿ ಆ ವಾಸನೆ ಕೊಡುತ್ತಿತ್ತು. ಅದು ಜೀವ ತೆಗೆಯುವ ಗ್ಯಾಸ್. ಮುಚ್ಚಿದ ತೊಟ್ಟಿಗೆ ಯಾರನ್ನೂ ಇಳಿಸಬೇಡಿ.

ಈಗ ಬೆಲ್ಲ, ಆಸಿಡ್, ಕರೆಂಟ್ ಎಲ್ಲ ಸೇರಿ ತಿಂಗಳಿಗೆ 14-15 ಸಾವಿರ. ಕೆಸರು ಕಾಲು ಭಾಗವೂ ಇಲ್ಲ.

ಟರ್ಕಾಯಿಸ್ ನೀಲಿ ಮಾತ್ರ ಹೋಗುವುದಿಲ್ಲ. ಅದು ಅಜೋ ಅಲ್ಲ, ತಾಮ್ರ ಇರುವ ಬಣ್ಣ. ಆ ಲಾಟ್‌ನ ನೀರನ್ನು ಬೇರೆ ಹಿಡಿದು ಹಳೇ ಸುಣ್ಣ-ಫೆರಸ್‌ಗೇ ಹಾಕುತ್ತೇನೆ. ಉಪ್ಪನ್ನೂ ಯಾವ ಬ್ಯಾಕ್ಟೀರಿಯಾವೂ ತಿನ್ನುವುದಿಲ್ಲ. ಶುದ್ಧವಾದ ನೀರನ್ನು ಒಂದು ಮಡಿ ಗರಿಕೆಗೆ ಬಿಟ್ಟು ನೋಡಿದ್ದೆ, ಕೆಲವೇ ತಿಂಗಳಲ್ಲಿ ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿತು. ಅದಕ್ಕೇ ಈಗ ಬಣ್ಣದ ಮೊದಲ ಬಾತ್ ನೀರನ್ನು, ಅಂದರೆ ನೂಲನ್ನು ಬಣ್ಣ, ಉಪ್ಪು ಹಾಕಿ ಅದ್ದಿದ ನೀರನ್ನು, ಬೇರೆ ಸಂಸ್ಕರಿಸಿ ಬಿಸಿಲಿನ ತೊಟ್ಟಿಯಲ್ಲಿ ಒಣಗಿಸುತ್ತೇನೆ. ಆಮೇಲೆ ನೂಲು ತೊಳೆದ ನೀರು ಮಾತ್ರ ಶುದ್ಧವಾಗಿ ಮತ್ತೆ ನೂಲು ತೊಳೆಯಲು ಬರುತ್ತದೆ.