ಆಮದಿನ ಹೊಡೆತಕ್ಕೆ ಕೆಲಸ ಹೋಯಿತೇ? ಅಮೆರಿಕದ ಇಂಧನ ಕಾರ್ಮಿಕರು ಟಿಎಎ ನೆರವು ಪಡೆಯುವುದು ಹೇಗೆ

2011ರ ಆಗಸ್ಟ್ 31ರಂದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಸೋಲಿಂಡ್ರಾ ಎಂಬ ಸೋಲಾರ್ ಕಂಪನಿ ಬಾಗಿಲು ಹಾಕಿತು. ಸುಮಾರು 1,100 ಜನರ ಕೆಲಸ ಹೋಯಿತು. ಸರ್ಕಾರ ಖಾತರಿ ನಿಂತಿದ್ದ 53.5 ಕೋಟಿ ಡಾಲರ್ ಸಾಲದ ಬಗ್ಗೆ ವಾಷಿಂಗ್ಟನ್‌ನಲ್ಲಿ ದೊಡ್ಡ ಗಲಾಟೆಯೇ ನಡೆಯಿತು. ಕಾರ್ಮಿಕರಿಗೆ ಬೇಕಿದ್ದ ಸುದ್ದಿ ಬಂದದ್ದು ಅದೇ ವರ್ಷದ ಕೊನೆಯಲ್ಲಿ: ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್, ಅಂದರೆ ಟಿಎಎ ನೆರವಿಗೆ ಅವರು ಅರ್ಹರು ಎಂದು ಕಾರ್ಮಿಕ ಇಲಾಖೆ ಒಪ್ಪಿತು.

1962ರಲ್ಲಿ ಶುರುವಾದ ಯೋಜನೆ ಇದು. ವಿದೇಶಿ ವ್ಯಾಪಾರದಿಂದ ದೇಶಕ್ಕೆ ಲಾಭವಾಗುವಾಗ ಕೆಲಸ ಕಳೆದುಕೊಂಡವರ ಕೈ ಬಿಡಬಾರದು ಎಂಬುದು ಇದರ ಉದ್ದೇಶ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಯೋಜನೆಯ ಅವಧಿ ಮುಗಿದಿದ್ದರಿಂದ 2022ರ ಜುಲೈ 1ರಿಂದ ಹೊಸ ಅರ್ಜಿಗಳ ತೀರ್ಮಾನ ನಿಂತಿದೆ. ಅದು ಮತ್ತೆ ಶುರುವಾಗಲು ಅಮೆರಿಕದ ಸಂಸತ್ತು ಕಾನೂನು ಮಾಡಬೇಕು. ಹಾಗಂತ ಎಲ್ಲ ಮುಗಿಯಿತು ಎಂದಲ್ಲ. ಒಂದು ಕಂಪನಿಯ ಕಾರ್ಮಿಕರ ಗುಂಪು ನೆರವಿಗೆ ಅರ್ಹ ಎಂದು ಇಲಾಖೆ ಒಪ್ಪಿದಾಗ ಪ್ರಮಾಣಪತ್ರ ಕೊಡುತ್ತಿತ್ತು. ಅದು ಮೊದಲೇ ಸಿಕ್ಕಿದ ಗುಂಪಿನಲ್ಲಿದ್ದು, 2022ರ ಜೂನ್ 30ರೊಳಗೆ ಕೆಲಸ ಕಳೆದುಕೊಂಡವರ ಅಥವಾ ಕೆಲಸ ಹೋಗುತ್ತದೆಂಬ ಸೂಚನೆ ಪಡೆದವರ ಹಕ್ಕು ಉಳಿದಿದೆ. ಆದ್ದರಿಂದ ಮೊದಲು ನಿಮ್ಮ ಕಂಪನಿಯ ಹೆಸರನ್ನು ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ಹುಡುಕಿ. ಹಳೆಯ ಅರ್ಜಿಗಳೆಲ್ಲ ಅಲ್ಲಿವೆ.

ಕೆಲಸ ಹೋದದ್ದು ಯಾಕೆ?

ಎಲ್ಲವೂ ನಿಂತಿರುವುದು ಈ ಪ್ರಶ್ನೆಯ ಮೇಲೆ. ಕೆಲಸ ಹೋಯಿತು ಎಂದರೆ ಸಾಲದು. ಕಂಪನಿಯ ಮಾರಾಟ ಅಥವಾ ಉತ್ಪಾದನೆ ಕುಸಿದಿರಬೇಕು. ಅದೇ ಬಗೆಯ ಮಾಲಿನ ಆಮದು ಜಾಸ್ತಿಯಾಗಿರಬೇಕು. ಆ ಆಮದೇ ಲೇಆಫ್‌ಗೆ ಮುಖ್ಯ ಕಾರಣಗಳಲ್ಲಿ ಒಂದಾಗಿರಬೇಕು. ಕಂಪನಿ ತನ್ನ ಉತ್ಪಾದನೆಯನ್ನು ಹೊರದೇಶಕ್ಕೆ ಸಾಗಿಸಿದ್ದರೂ ದಾರಿಯಿದೆ.

‘ಕಾರಣಗಳಲ್ಲಿ ಒಂದು’ ಎಂಬುದನ್ನು ಗಮನಿಸಿ. ಆಮದೊಂದೇ ಕಾರಣ ಎಂದು ಸಾಬೀತು ಮಾಡಬೇಕಿಲ್ಲ. ಉಳಿದೆಲ್ಲ ಕಾರಣಗಳಿಗಿಂತ ಅದು ದೊಡ್ಡದಾಗಿರಬೇಕು ಎಂದೂ ಇಲ್ಲ. ಸೋಲಿಂಡ್ರಾದ ಆಡಳಿತ, ಅದರ ದುಬಾರಿ ತಂತ್ರಜ್ಞಾನ, ಸಾಲ ಎಲ್ಲವೂ ಚರ್ಚೆಯಾದವು. ಅದರ ಜೊತೆಗೇ ಚೀನಾದ ಅಗ್ಗದ ಪ್ಯಾನೆಲ್‌ಗಳು ಮಾರುಕಟ್ಟೆ ತುಂಬಿದ್ದೂ ನಿಜ ಅಲ್ವಾ? ಮಾಲೀಕರು ತಪ್ಪು ಲೆಕ್ಕ ಹಾಕಿದ್ದರು ಎಂಬ ಕಾರಣಕ್ಕೆ ಕಾರ್ಮಿಕರ ಹಕ್ಕು ಹೋಗುವುದಿಲ್ಲ.

ಎಣ್ಣೆ, ಅನಿಲದ ಬಾವಿ ಕೊರೆಯುವವರಿಗೆ ಹಿಂದೆ ಬೇರೆಯೇ ತೊಡಕಿತ್ತು. ಅವರು ಬಾವಿ ಕೊರೆಯುತ್ತಾರೆ, ಎಣ್ಣೆ ‘ಉತ್ಪಾದಿಸುವುದಿಲ್ಲ’ ಎಂಬ ವಾದ ಅಡ್ಡ ಬರುತ್ತಿತ್ತು. 1988ರ ಕಾನೂನು ಅದನ್ನು ಸರಿಪಡಿಸಿ, ಶೋಧನೆ ಮತ್ತು ಕೊರೆತದ ಕಂಪನಿಗಳನ್ನೂ ಉತ್ಪಾದಕರೆಂದೇ ಪರಿಗಣಿಸಿತು.

ಕಲ್ಲಿದ್ದಲು ಗಣಿಯವರದ್ದು ಕಷ್ಟದ ಸ್ಥಿತಿ. ಅವರ ಕೆಲಸ ಕಸಿದದ್ದು ಬಹಳ ಕಡೆ ಅಮೆರಿಕದ್ದೇ ಅಗ್ಗದ ನೈಸರ್ಗಿಕ ಅನಿಲ. ದೇಶದೊಳಗಿನ ಪೈಪೋಟಿ ಟಿಎಎ ಲೆಕ್ಕಕ್ಕೆ ಬರುವುದಿಲ್ಲ. ನನಗೆ ಈ ಗೆರೆ ನ್ಯಾಯವೆನಿಸುವುದಿಲ್ಲ. ಸಂಬಳ ನಿಂತ ಮನೆಗೆ ಪೈಪೋಟಿ ಎಲ್ಲಿಂದ ಬಂದರೇನು? ಆದರೆ ಕಾನೂನು ಇರುವುದು ಹಾಗೆ.

ಅರ್ಜಿ ಹಾಕುವವರು ಯಾರು?

ಹೊಸ ಅರ್ಜಿಗಳ ತೀರ್ಮಾನ ನಿಲ್ಲುವ ಮೊದಲು ಇದ್ದ ಕ್ರಮ ಇದು. ಒಬ್ಬರೇ ಹಾಕಲಾಗದು. ಒಂದೇ ಕಡೆ ಕೆಲಸ ಮಾಡಿದ ಇಬ್ಬರು ಸೇರಿದರೆ ಸಾಕು. ಯೂನಿಯನ್, ಕಂಪನಿ ಅಥವಾ ರಾಜ್ಯದ ಉದ್ಯೋಗ ಕಚೇರಿಯೂ ಹಾಕಬಹುದು. ಕಂಪನಿಯ ಒಪ್ಪಿಗೆ ಬೇಕಿಲ್ಲ. ಇದಕ್ಕಿರುವ ಫಾರ್ಮ್ ಇಟಿಎ-9042.

ಯೋಜನೆ ಮತ್ತೆ ಶುರುವಾದರೆ ಇಲ್ಲಿ ತಡ ಮಾಡಬೇಡಿ. ಅರ್ಜಿಯ ತಾರೀಕಿನಿಂದ ಒಂದು ವರ್ಷ ಹಿಂದಕ್ಕೆ ಮಾತ್ರ ರಕ್ಷಣೆ ಸಿಗುತ್ತದೆ. ಅದಕ್ಕೂ ಮೊದಲು ಕೆಲಸ ಹೋದವರು ಹೊರಗೇ ಉಳಿಯುತ್ತಾರೆ. ಪ್ರಮಾಣಪತ್ರ ಸಿಕ್ಕ ಮೇಲೆ ಸಾಮಾನ್ಯವಾಗಿ ಎರಡು ವರ್ಷ ಮುಂದಕ್ಕೂ ಅದು ಅನ್ವಯಿಸುತ್ತದೆ. ಗಿರಾಕಿಗಳು ವಿದೇಶಿ ಮಾಲಿಗೆ ಹೋದದ್ದು, ಯಂತ್ರಗಳನ್ನು ಬೇರೆ ದೇಶಕ್ಕೆ ಕಳಿಸಿದ್ದು, ಆಡಳಿತ ಹಂಚಿದ ಪತ್ರಗಳು, ಹೀಗೆ ಕೈಲಿರುವುದನ್ನೆಲ್ಲ ಜೋಡಿಸಿ. ಉಳಿದ ಲೆಕ್ಕವನ್ನು ಇಲಾಖೆಯೇ ಕಂಪನಿಯಿಂದಲೂ ಗಿರಾಕಿಗಳಿಂದಲೂ ತರಿಸಿಕೊಳ್ಳುತ್ತದೆ. ತೀರ್ಮಾನಕ್ಕೆ ಕಾನೂನು ಕೊಟ್ಟಿರುವ ಕಾಲ 40 ದಿನ.

ಅರ್ಜಿ ತಿರಸ್ಕೃತವಾದರೆ ಮರುಪರಿಶೀಲನೆಗೆ 30 ದಿನ. ಆಮೇಲೂ ಒಪ್ಪದಿದ್ದರೆ ನ್ಯೂಯಾರ್ಕ್‌ನ ಕೋರ್ಟ್ ಆಫ್ ಇಂಟರ್‌ನ್ಯಾಷನಲ್ ಟ್ರೇಡ್‌ಗೆ ಹೋಗಲು 60 ದಿನ.

ಗುಂಪಿಗೆ ಸಿಕ್ಕರೆ ನಿಮಗೆ ಸಿಕ್ಕಂತಲ್ಲ

ಬಹಳ ಜನ ಎಡವುವುದು ಇಲ್ಲೇ. ಪ್ರಮಾಣಪತ್ರ ಗುಂಪಿನದು. ನೆರವು ಬೇಕಾದರೆ ಪ್ರತಿಯೊಬ್ಬರೂ ತಮ್ಮ ರಾಜ್ಯದ ಕಚೇರಿಗೆ ಬೇರೆಯಾಗಿ ಅರ್ಜಿ ಕೊಡಬೇಕು. ವಾರದ ಭತ್ಯೆಗೆ ಕಡೆಯ 52 ವಾರಗಳಲ್ಲಿ ಕನಿಷ್ಠ 26 ವಾರ ದುಡಿದಿರಬೇಕು. ತರಬೇತಿಗೆ ಸೇರುವ ಗಡುವು 2015ರ ಕಾನೂನಿನಡಿ 26 ವಾರ. ಬೇರೆ ಕಾನೂನಿನಡಿ ಸಿಕ್ಕ ಪ್ರಮಾಣಪತ್ರಗಳಿಗೆ ಇದು ಇನ್ನೂ ಕಡಿಮೆ ಇರಬಹುದು. ನಿಮ್ಮದು ಯಾವುದು ಎಂದು ಕಚೇರಿಯಲ್ಲೇ ಕೇಳಿ, ಬರೆದುಕೊಳ್ಳಿ.

ಸಿಗುವುದು ತರಬೇತಿಯ ಖರ್ಚು, ನಿರುದ್ಯೋಗ ಭತ್ಯೆ ಮುಗಿದ ಮೇಲೆ ವಾರದ ಭತ್ಯೆ, ಕೆಲಸ ಹುಡುಕಲು ಮತ್ತು ಊರು ಬದಲಿಸಲು ನೆರವು. 50 ದಾಟಿದವರು ಕಡಿಮೆ ಸಂಬಳದ ಕೆಲಸಕ್ಕೆ ಸೇರಿದರೆ ವ್ಯತ್ಯಾಸದ ಒಂದು ಪಾಲನ್ನೂ ತುಂಬಿಕೊಡುತ್ತಾರೆ.

ಅಲ್ಲಿರುವ ನಮ್ಮವರಿಗೆ ಒಂದು ಮಾತು. ಗ್ರೀನ್ ಕಾರ್ಡ್ ಇದ್ದರೆ ಪೌರತ್ವವಿಲ್ಲ ಎಂದು ಸುಮ್ನೆ ಕೂರಬೇಡಿ, ಕೇಳಿ ನೋಡಿ. ಎಚ್-1ಬಿ ವೀಸಾದಲ್ಲಿದ್ದವರಿಗೆ ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನದ ಅವಕಾಶ. ಅವರು ಮೊದಲು ವೀಸಾದ ದಾರಿ ನೋಡಿಕೊಳ್ಳಬೇಕು.

ಈಗ ಲೇಆಫ್ ಆದವರು?

ಮೊದಲ ವಾರದಲ್ಲೇ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿ. 100 ಅಥವಾ ಹೆಚ್ಚು ಜನರಿರುವ ಕಂಪನಿ ಘಟಕ ಮುಚ್ಚುವಾಗ ಸಾಮಾನ್ಯವಾಗಿ 60 ದಿನ ಮೊದಲೇ ನೋಟಿಸ್ ಕೊಡಬೇಕು. ಕೊಟ್ಟಿದ್ದಾರಾ ನೋಡಿ. ನಂತರ ಹತ್ತಿರದ ಅಮೆರಿಕನ್ ಜಾಬ್ ಸೆಂಟರ್‌ಗೆ, ಅಂದರೆ ಸರ್ಕಾರದ ಉದ್ಯೋಗ ನೆರವು ಕೇಂದ್ರಕ್ಕೆ ಹೋಗಿ, ಕೆಲಸ ಕಳೆದುಕೊಂಡವರಿಗಿರುವ ‘ಡಿಸ್‌ಲೊಕೇಟೆಡ್ ವರ್ಕರ್’ ನೆರವು ಕೇಳಿ. ಹಣ ಟಿಎಎಗಿಂತ ಕಡಿಮೆ ಇರಬಹುದು. ಆದರೆ ಅಲ್ಲಿ ಆಮದಿನ ಪುರಾವೆ ಕೇಳುವುದಿಲ್ಲ. ಕಲ್ಲಿದ್ದಲು ಗಣಿಯವರೂ ಹೋಗಬಹುದು.