ಪಾತಿಗೆ ಹಲಗೆ ಕಟ್ಟುವ ಮುನ್ನ

ಗೋವಾದಲ್ಲಿ ಮಳೆ ನಿಂತು ಮಣ್ಣು ಹದಕ್ಕೆ ಬರುತ್ತಲೇ ಕೆಂಪು ಹರಿವೆ, ಮೂಲಂಗಿಗೆ ಪಾತಿ ಮಾಡುವ ಕೆಲಸ ಶುರುವಾಗುತ್ತದೆ. ಕಳೆದ ವರ್ಷ ವಾಸ್ಕೋದಲ್ಲಿರುವ ತಂಗಿಯ ಮಗಳು ಫೋನ್ ಮಾಡಿ, "ದೊಡ್ಡಮ್ಮ, ಗುಜರಿಯಲ್ಲಿ ದಪ್ಪ ಹಲಗೆ ಸಿಕ್ಕಿವೆ. ಒರಲೆ ಮುಟ್ಟುವುದೇ ಇಲ್ಲವಂತೆ. ಪಾತಿಗೆ ಸುತ್ತಲೂ ಕಟ್ಟುತ್ತಿದ್ದೇವೆ" ಎಂದಳು. ನಾನು ಕೇಳಿದ್ದು ಒಂದೇ ಮಾತು: ಒರಲೆ ಮುಟ್ಟದಿರುವುದು ಮರದ ಸ್ವಂತ ಗುಣವೋ, ಅದಕ್ಕೆ ಕುಡಿಸಿದ ಔಷಧದ ಗುಣವೋ? ಅವಳಿಗೆ ಗೊತ್ತಿರಲಿಲ್ಲ. ಹಾಗಾದರೆ ಕಟ್ಟುವುದು ನಿಲ್ಲಿಸು ಎಂದೆ.

ತೇಗ, ಮತ್ತಿ, ಹಲಸಿನ ಚೇಗು ತಮ್ಮಷ್ಟಕ್ಕೆ ತಾಳುತ್ತವೆ. ಉಳಿದ ಮೆತ್ತನೆಯ ಮರಗಳಿಗೆ ಒತ್ತಡ ಹಾಕಿ ಒಳಗಿನವರೆಗೆ ರಾಸಾಯನಿಕ ಇಳಿಸುತ್ತಾರೆ. ಬಹುಕಾಲ ಬಳಕೆಯಲ್ಲಿದ್ದುದು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರೂ ಸೇರಿದ ದ್ರಾವಣ. ಅದನ್ನು ಕಂಡುಹಿಡಿದವರು ನಮ್ಮವರೇ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶಂ, 1933ರಲ್ಲಿ. ಕಂಬಕ್ಕೆ, ಸೇತುವೆಗೆ ಅದರಿಂದ ದೊಡ್ಡ ಉಪಕಾರವಾಗಿದೆ. ಆದರೆ ಆರ್ಸೆನಿಕ್ ಎಂದರೆ ಪಾಷಾಣ. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದು ಬಹುಮಟ್ಟಿಗೆ ನಿಂತಿತು. ಈಗಿನ ಹೊಸ ದ್ರಾವಣಗಳಲ್ಲಿ ತಾಮ್ರವೇ ಮುಖ್ಯ, ಆರ್ಸೆನಿಕ್ ಇಲ್ಲ. ಅವು ಹಿಂದಿನದಕ್ಕಿಂತ ಎಷ್ಟೋ ವಾಸಿ. ಆದರೆ ಗುಜರಿಯಲ್ಲಿ ಸಿಗುವ ಹಲಗೆ ಯಾವ ಕಾಲದ್ದು ಎಂದು ಹೇಳುವವರು ಯಾರು? ಹೊಸದಾಗಿದ್ದಾಗ ಮರ ಹಸಿರು ಛಾಯೆ ತೋರುತ್ತದೆ, ಬಿಸಿಲಿಗೆ ಬೂದಿಯ ಬಣ್ಣಕ್ಕೆ ತಿರುಗಿದ ಮೇಲೆ ಕಣ್ಣಿಗೆ ಏನೂ ತಿಳಿಯುವುದಿಲ್ಲ.

ರೈಲು ಹಳಿಯ ಹಳೆಯ ಸ್ಲೀಪರ್‌ಗಳ ಬಗ್ಗೆ ಅನುಮಾನವೇ ಬೇಡ. ಅವುಗಳಲ್ಲಿರುವುದು ಕ್ರಿಯೋಸೋಟ್, ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ಎಣ್ಣೆ. ಬಿಸಿಲೇರಿದಾಗ ಕಪ್ಪಗೆ ಜಿನುಗಿ ಘಾಟು ಹೊಡೆಯುತ್ತದೆ. ತರಕಾರಿಯ ಹತ್ತಿರ ತರಬೇಡಿ. ಹಳೆಯ ಬಾಗಿಲು, ಕಿಟಕಿಯ ಬಣ್ಣದಲ್ಲಿ ಸೀಸ ಇರಬಹುದು, ಅದೂ ಬೇಡ. ಬಂದರಿನ ಕಡೆಯಿಂದ ಬರುವ ಪ್ಯಾಲೆಟ್‌ಗಳ, ಅಂದರೆ ಸರಕು ಪೇರಿಸುವ ಮರದ ಚೌಕಟ್ಟುಗಳ ಮೇಲೆ ತೆನೆಯ ಚಿತ್ರದ ಮುದ್ರೆ ಇರುತ್ತದೆ. ಪಕ್ಕದಲ್ಲಿ ಎಚ್‌ಟಿ ಎಂದಿದ್ದರೆ ಬಿಸಿ ಮಾಡಿದ ಮರ, ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು. ಮೊದಲನೆಯದನ್ನಾದರೂ ಎಣ್ಣೆಯ ಕಲೆ, ವಾಸನೆ ನೋಡಿಯೇ ತೆಗೆದುಕೊಳ್ಳಿ. ಅದರ ಮೇಲೆ ಏನೆಲ್ಲ ಚೆಲ್ಲಿತ್ತೆಂದು ಮುದ್ರೆ ಹೇಳುವುದಿಲ್ಲ.

ಈಗಾಗಲೇ ಕಟ್ಟಿಬಿಟ್ಟವರು ಗಾಬರಿಯಾಗಬೇಕಿಲ್ಲ. ಮರದಿಂದ ಇಳಿಯುವ ಆರ್ಸೆನಿಕ್ ಬಹುಪಾಲು ಹಲಗೆಯ ಹತ್ತಿರದ ಮಣ್ಣಿನಲ್ಲೇ ಉಳಿಯುತ್ತದೆ, ಗಿಡ ಹೀರುವುದು ಕಡಿಮೆ. ಹೆಚ್ಚಿನ ಅಪಾಯ ಇರುವುದು ಗಡ್ಡೆಗೆ, ಸೊಪ್ಪಿನ ಬುಡಕ್ಕೆ ಅಂಟಿಕೊಂಡು ಬರುವ ಮಣ್ಣಿನಲ್ಲಿ. ಹಲಗೆಯ ಒಳಮೈಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ತಳಕ್ಕೆ ಮಾತ್ರ ಹಾಕಬೇಡಿ, ನೀರು ಬಸಿಯಬೇಕು. ಅಂಚಿನಿಂದ ಗೇಣು ಬಿಟ್ಟು ಬಿತ್ತಿ. ಮೂಲಂಗಿಯ ಸಿಪ್ಪೆ ಹೆರೆಯಿರಿ, ಹರಿವೆಯನ್ನು ಮೂರು ನೀರಿನಲ್ಲಿ ತೊಳೆಯಿರಿ. ಮಕ್ಕಳು ಆ ಹಲಗೆಯ ಮೇಲೆ ಕುಳಿತು ಆಡಿದರೆ ಊಟಕ್ಕೆ ಮೊದಲು ಕೈ ತೊಳೆಸಿ.

ನನಗೆ ನಿಜವಾಗಿ ಭಯವಿರುವುದು ಬಚ್ಚಲ ಒಲೆಯ ವಿಷಯದಲ್ಲಿ. ನಾನು ಹುಟ್ಟಿದ ಕುಮಟಾ ಕಡೆ ಮರದ ಚೂರು ಕಂಡರೆ ಸ್ನಾನದ ಹಂಡೆಯ ಕೆಳಗೆ ತುರುಕುವುದೇ ರೂಢಿ. ಬೂದಿಯಿಂದ ಪಾತ್ರೆ ಬೆಳಗುತ್ತಿದ್ದೆವು, ಹುಳ ಬಿದ್ದ ಸೌತೆಬಳ್ಳಿಗೆ ಎರಚುತ್ತಿದ್ದೆವು. ಔಷಧ ಕುಡಿಸಿದ ಮರವನ್ನು ಸುಟ್ಟರೆ ಒಂದಷ್ಟು ಪಾಷಾಣ ಹೊಗೆಗೆ ಸೇರುತ್ತದೆ, ಉಳಿದದ್ದು ಹಿಡಿ ಬೂದಿಯಲ್ಲಿ ಒಟ್ಟಾಗಿ ನಿಲ್ಲುತ್ತದೆ. ಅದೇ ಬೂದಿ ತಟ್ಟೆಗೂ ಬಳ್ಳಿಗೂ ಹೋದರೆ ಏನು ಗತಿ! ಆ ಮರ ಕೊಯ್ದ ಹೊಟ್ಟನ್ನೂ ಗೊಬ್ಬರದ ಗುಂಡಿಗೆ ಹಾಕಬೇಡಿ. ಕೊಯ್ಯುವಾಗ ಮೂಗಿಗೆ ಬಟ್ಟೆ ಸಾಲದು, ಒಳ್ಳೆಯ ಮಾಸ್ಕ್ ಧರಿಸಿ.

ಚಿರೇಕಲ್ಲು ಸಿಗುವ ನಾಡಿನಲ್ಲಿ ಇಷ್ಟೆಲ್ಲ ಪಾಡು ಏಕೆ? ಸಿಮೆಂಟ್ ಇಲ್ಲದೆ ಎರಡು ವರಸೆ ಇಟ್ಟರೆ ಸಾಕು, ಮಳೆಗೆ ಕೊಳೆಯುವುದಿಲ್ಲ, ಒರಲೆ ತಿನ್ನುವುದಿಲ್ಲ. ಖರ್ಚು ಬೇಡವೆಂದರೆ ಸೀಳಿದ ತೆಂಗಿನ ಕಾಂಡ ಇಡಿ. ಕೆಲವೇ ವರ್ಷಗಳಲ್ಲಿ ಮಣ್ಣಾಗುತ್ತದೆ, ಆಗಲಿ, ಗೊಬ್ಬರವೇ ಆಯಿತು. ತಂಗಿಯ ಮಗಳು ಚಿರೇಕಲ್ಲನ್ನೇ ತರಿಸಿದಳು. ಆ ಹಲಗೆಗಳು ಈಗ ಬಾವಿಗೂ ಪಾತಿಗೂ ದೂರದಲ್ಲಿ, ಗೇಟಿನ ಬಳಿ ಬೇಲಿಯಾಗಿ ನಿಂತಿವೆ. ಅವುಗಳ ಹಿಂಬದಿಗೆ "ಸುಡಬಾರದು" ಎಂದು ಬಣ್ಣದಲ್ಲಿ ಬರೆಸಿದ್ದೇನೆ, ನಾಳೆ ಆ ಮನೆಗೆ ಯಾರು ಬರುತ್ತಾರೋ ಗೊತ್ತಿಲ್ಲ.